ಫೋನಿನ ಹೆಂಗಸು ಓದಲಿ

ತಂಗಿ ತಾಯವ್ವನಿಗೆ, ಕುಂತೂರಿನ ನಿನ್ನ ಅಣ್ಣ ಶಿವನಂಜಪ್ಪ ಬರೆದದ್ದು.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನ್ನ ದನಿ ತಾನಾಗಿ ಏರುತ್ತದೆ. ಅದಕ್ಕೇ ಈ ಮೆಸೇಜು. ನಿನ್ನ ಮಾತಾಡುವ ಫೋನಿನೊಳಗಿನ ಹೆಂಗಸು ಓದಿ ಹೇಳಲಿ, ಅವಳಿಗೆ ಕೋಪ ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟವನು ನಾನು, ತಪ್ಪಿದ್ದರೆ ಅವಳೇ ಸರಿಮಾಡಿಕೊಳ್ಳಲಿ.

ಹೋದ ತಿಂಗಳು ಕೊಳ್ಳೇಗಾಲದಲ್ಲಿ ಆ ಫೋನು ಬಳಸುವುದನ್ನು ಕಲಿತು ಬಂದವಳು ಮೊದಲು ನನಗೇ ಫೋನು ಮಾಡಿದೆ. ನಾನು, "ಕಣ್ ಕಾಣ್ದೋಳ್ಗೆ ಮೊಬೈಲ್ ಯಾಕಮ್ಮಿ, ಮಡಗು," ಅಂದೆ. ನೀನು, "ಆಯ್ತು ಕಣಣ್ಣ," ಅಂದೆ. ಅವತ್ತಿನಿಂದ ನನ್ನ ಫೋನು ಎತ್ತಿಲ್ಲ.

ಇವತ್ತು ಗೌರಿ ಹಬ್ಬ. ಬಾಗಿನ ತಕೊಂಡು ಧನಗೆರೆಗೆ ಬಂದು ನಿನ್ನ ಜಗಲಿಯ ಮೇಲೆ ಕೂತು ಒಂದು ಗಂಟೆಯಾಯಿತು. ಬಾಗಿಲು ತಟ್ಟಲು ಕೈ ಏಳಲಿಲ್ಲ. ಬಿಸಿಲು ಮಸುಕಾಗಿದೆ, ಕಬ್ಬಿನ ಗದ್ದೆಯ ಗಾಳಿಗೆ ಕಣ್ಣು ಎಳೆಯುತ್ತಿದೆ. ಒಳಗೆ ಆ ಫೋನಿನ ಹೆಂಗಸು ನಿನಗೆ ಗಂಟೆ ಹೇಳುತ್ತಾಳೆ, ಯಾರದೋ ಹೆಸರು ಹೇಳುತ್ತಾಳೆ, ನೀನು ನಗುತ್ತೀಯ. ಅರೆನಿದ್ದೆಯಲ್ಲಿ ನಮ್ಮವ್ವನೇ ನಿನ್ನ ತಲೆ ಬಾಚುತ್ತಾ ಮಾತಾಡಿದ ಹಾಗಿತ್ತು. ನಾನು ಅಂದದ್ದು ತಪ್ಪು.

ಅವಳು ಇದನ್ನು ಓದುವುದು ಕಿಟಕಿಯಿಂದ ನನಗೂ ಕೇಳುತ್ತದೆ. ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತೇನೆ. ಮನಸ್ಸಿಲ್ಲದಿದ್ದರೆ ಬಾಗಿಲು ತೆಗೆಯಬೇಡ, ಬಾಗಿನ ಬಿಟ್ಟು ಹೋಗುತ್ತೇನೆ. ಮೊರವನ್ನು ಬಾಗಿಲ ಬಲಗಡೆ ಗೋಡೆಗೆ ಒತ್ತಿ ಇಟ್ಟಿದ್ದೇನೆ. ಆಮೇಲೆ ಹೊರಗೆ ಬರುವಾಗ ಎಡವಬೇಡ.

ನಿನ್ನಣ್ಣ