ಒಡೆಲ್ ಅವರ ಕ್ಷೌರದಂಗಡಿ

18 ಅಕ್ಟೋಬರ್ 2005, ಮಂಗಳವಾರ, ಕೊಲಂಬಸ್

ನ್ಯಾಯಮೂರ್ತಿಗಳ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ಒಡೆಲ್ ಪ್ರುಯಿಟ್ ಅವರ ಕ್ಷೌರದಂಗಡಿಯನ್ನು ಕಿತ್ತುಕೊಂಡು ಹೋಟೆಲ್ ಕಟ್ಟುವವರಿಗೆ ಕೊಡಲು ನಮ್ಮೂರ ನಗರಸಭೆ ಹೊರಟಿದೆ. ಇವತ್ತು ಒಹಾಯೊ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಅವರ ಪರ ವಾದಿಸಿದೆ.

"ದೇಶದ ಸಂವಿಧಾನವೇ ಇದನ್ನ ತಡೆಯಲ್ಲವಲ್ಲ, ವಕೀಲರೇ?" ಎಂದರು.

"ತಡೆಯದಿದ್ದರೆ ಬೇಡ, ಮಹಾಸ್ವಾಮಿ. ನಮ್ಮ ರಾಜ್ಯಕ್ಕೆ ಅದರದೇ ಸಂವಿಧಾನವಿದೆ. ಒಬ್ಬರ ಆಸ್ತಿ ಕಿತ್ತು ಇನ್ನೊಬ್ಬರ ಲಾಭಕ್ಕೆ ಕೊಡೋದನ್ನ ಅದು ತಡೆಯುತ್ತೆ."

ಅವರು ತಲೆಯಾಡಿಸಿ ಬರೆದುಕೊಂಡರು.

ಹೊರಗೆ ಒಡೆಲ್ ಕೇಳಿದರು, "ಗೆಲ್ತೀವೇನಮ್ಮ ಲೊರೇನ್?"

"ಗೆಲ್ತೀವಿ."

"ಹಂಗಾದ್ರೆ ಸರಿ," ಎಂದು ಅಲ್ಲೇ ಫೋನ್ ತೆಗೆದು, ಅಂಗಡಿಯ ನಾಲ್ಕೂ ಕುರ್ಚಿಗಳಿಗೆ ಕೆಂಪು ಚರ್ಮ ಹೊದಿಸಲು ಹೇಳಿಯೇಬಿಟ್ಟರು.

ತೀರ್ಪಿಗೆ ಇನ್ನೂ ತಿಂಗಳುಗಳಿವೆ. ಗೆಲ್ಲುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಎಪ್ಪತ್ತೆರಡರ ಮನುಷ್ಯ ನನ್ನ ಒಂದೇ ಮಾತಿಗೆ ಅಷ್ಟು ಹಣ ಹಾಕುವ ಮೊದಲು, ತೀರ್ಪು ಬರುವವರೆಗೆ ಕಾಯಿರಿ ಎಂದು ನಾನು ಹೇಳಬೇಕಿತ್ತು.