ನೀಲಿಯ ಕೆಳಗಿನ ತೇಪೆ

ಮನೆಯ ಹಿಂದಿನ ಜಗಲಿ,
ಭಾನುವಾರ ಮಧ್ಯಾಹ್ನ

ಪ್ರೀತಿಯ ದೊಡ್ಡ ಮಗಳಿಗೆ,

ಹೇಗಿದ್ದೀಯೆ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ ಎಂದು ನೀನು ಹೇಳುತ್ತೀಯ, ನಾನು ನಂಬಿದ ಹಾಗೆ ಮಾಡುತ್ತೇನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಮಂಡಿನೋವು, ಕೆಲಸ ಹೇಳಿದಾಗ ಮಾತ್ರ.

ಅಕ್ಕನ ಹಾಗೆ ತಾನೂ ಬೇಸ್ ಗಿಟಾರ್ ಕಲಿಯಬೇಕೆಂದು ನಿನ್ನ ತಂಗಿ ನನ್ನ ತಲೆ ತಿಂದಳು. ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸಿಕ್ಕಿತು. ಮೈತುಂಬ ಕಪ್ಪು ಬಣ್ಣ, ಅದೂ ಯಾರೋ ಕಣ್ಣುಮುಚ್ಚಿ ಬಳಿದದ್ದು. ಇವಳಿಗೆ ಮರದ ಬಣ್ಣವೇ ಬೇಕಂತೆ. ಕಾರ್ಖಾನೆಯಲ್ಲಿ ದಿನವೆಲ್ಲ ಮೇಜು ಕುರ್ಚಿಗೆ ಪಾಲಿಶ್ ಹಾಕುವವಳಿಗೆ ಇದೇನು ಮಹಾ ಎಂದು ತಂತಿ ಬಿಚ್ಚಿ, ತಿರುಪು ಕಳಚಿ, ಬಣ್ಣ ಬಿಡಿಸುವ ರಿಮೂವರ್ ಹಚ್ಚಿ ಕೆರೆಯಲು ಕೂತೆ. ಕಪ್ಪಿನ ಕೆಳಗೆ ನೀಲಿ ಬಂತು. ನಿನ್ನದೂ ಇದೇ ನೀಲಿಯಲ್ಲವೇ ಅಂದುಕೊಂಡೆ. ನೀಲಿಯನ್ನೂ ಉಜ್ಜಿ ತೆಗೆದಾಗ ಅಂಚಿನಲ್ಲಿ ಒಂದು ತೇಪೆ ಕಂಡಿತು. ಬೆರಳುದ್ದದ ಬೇರೆ ಮರದ ತುಂಡು, ಅದರ ಎಳೆ ಅಡ್ಡಡ್ಡ.

ನೆನಪಿದೆಯಾ, ನಿನ್ನ ಗಿಟಾರ್ ಕಪಾಟಿನ ಮೇಲಿಂದ ಬಿದ್ದು ಅಂಚು ಒಡೆದಾಗ ನೀನು ಊಟ ಬಿಟ್ಟು ಅತ್ತಿದ್ದೆ. ನಿನ್ನ ಅಳು ನಿಲ್ಲಿಸುವ ಗಡಿಬಿಡಿಯಲ್ಲಿ ಮುರಿದ ಸ್ಟೂಲಿನ ಕಾಲಿನಿಂದ ತುಂಡು ಕೊಯ್ದು, ಎಳೆ ನೋಡದೆ ಅಂಟಿಸಿದ್ದೆ. ನಮ್ಮ ಕಾರ್ಖಾನೆಯ ಮೇಸ್ತ್ರಿ ನೋಡಿ, "ಏನಮ್ಮಾ, ಅಂಗಿಗೆ ಹಾಕೋ ತೇಪೆ ಮರಕ್ಕೆ ಹಾಕಿದೀಯಲ್ಲ" ಅಂದಿದ್ದ. ನಾಚಿಕೆಯಾಗಿ ಅದರ ಮೇಲೆ ನೀಲಿ ಬಳಿದೆ. ನನ್ನ ಕೈಕೆಲಸ ನನಗೇ ಗೊತ್ತಾಗುವುದಿಲ್ಲವೇ? ನಿಮ್ಮಪ್ಪನಿಗೆ ತೋರಿಸಿದರೆ, "ಅಂಥ ಗಿಟಾರು ಲೋಕದಲ್ಲಿ ನೂರಿರ್ತವೆ, ಬಿಡೇ" ಅಂದರು. ನೂರಿರಬಹುದು. ನಮ್ಮ ಸ್ಟೂಲಿಗೆ ಇದ್ದದ್ದು ನಾಲ್ಕೇ ಕಾಲು.

ಆದರೆ ಹೋದ ವಾರವೂ ಫೋನಿನಲ್ಲಿ "ದಿನಾ ಸಂಜೆ ನುಡಿಸ್ತೀನಮ್ಮಾ" ಅಂದೆಯಲ್ಲ. ಯಾವುದನ್ನು ನುಡಿಸುತ್ತಿದ್ದೀಯೆ ಮಗಳೇ? ನನಗಂತೂ ತಲೆಬುಡ ತಿಳಿಯುತ್ತಿಲ್ಲ. ಮತ್ತೆ ಕಪ್ಪು ಬಳಿದು, ಏನೂ ನೋಡಿಲ್ಲವೆಂಬಂತೆ ಇದ್ದುಬಿಡಲೇ ಎಂದು ಕಾರ್ಖಾನೆಯಿಂದ ಬಣ್ಣದ ಡಬ್ಬಿಯನ್ನೂ ತಂದೆ. ತೆರೆಯುತ್ತೇನೆ, ಮುಚ್ಚುತ್ತೇನೆ. ನಿನ್ನ ಮೇಲೆ ಬಂದಿರುವುದು ಸಿಟ್ಟೋ, ನಿನಗೇನಾಯಿತೋ ಎಂಬ ಹೆದರಿಕೆಯೋ, ಅದೂ ಗೊತ್ತಾಗುತ್ತಿಲ್ಲ. ತಂಗಿಗೆ ಹೇಳಿಲ್ಲ. ಕೆಲಸ ಮುಗಿದಿಲ್ಲ, ಮುಟ್ಟಬೇಡ ಅಂತ ದೂರ ಇಟ್ಟಿದ್ದೇನೆ.

ಬೆಚ್ಚಗೆ ಹೊದ್ದು ಮಲಗು. ಅಪ್ಪನ ಆಶೀರ್ವಾದ, ತಂಗಿಯ ಮುತ್ತು.

ನಿನ್ನ
ಅಮ್ಮ

ಲಕೋಟೆ ಅಂಟಿಸುವ ಮುಂಚೆ: ಡಬ್ಬಿಯನ್ನು ಮೇಸ್ತ್ರಿಗೆ ವಾಪಸ್ ಕೊಟ್ಟೆ. ಮರಕ್ಕೆ ಬರೀ ಎಣ್ಣೆ ಹಚ್ಚಿದ್ದೇನೆ. ತೇಪೆ ಎದ್ದು ಕಾಣುತ್ತದೆ, ಕಾಣಲಿ. ನೀನು ಇದನ್ನು ಮಾರಿದ್ದು ಕೈಯಲ್ಲಿ ಕಾಸಿಲ್ಲದೆಯೋ, ನುಡಿಸಲು ಮನಸ್ಸಿಲ್ಲದೆಯೋ? ಕಾಸಿಲ್ಲದೆ ಆದರೆ ಗಿಟಾರ್ ಕಳಿಸುತ್ತೇನೆ. ಮನಸ್ಸಿಲ್ಲದೆ ಆದರೆ ನೀನೇ ಬಂದುಬಿಡು.