‘ಅಳಿಸಿ’ ಎಂಬ ಗುಂಡಿ

ಅಕ್ಕನಿಗೆ ನಮಸ್ಕಾರ. ಊರು ದೊಡ್ಡದು, ಕಾಗದ ಚಿಕ್ಕದು, ಆದದ್ದನ್ನು ಹೇಳಿಬಿಡುತ್ತೇನೆ. ಆರೋಗ್ಯ ಕಾರ್ಡಿನ ಕಚೇರಿಯವರಿಗೆ ವೆಬ್‌ಸೈಟನ್ನು ಜನರಿಗೆ ಸುಲಭ ಮಾಡುವ ತರಬೇತಿ ನಡೆದಿದೆ. ಆ ವೆಬ್‌ಸೈಟಿನಲ್ಲಿ ಎಡವಿದವಳೆಂದು ನನ್ನನ್ನು ಕರೆಸಿದ್ದಾರೆ. ನಾನು ಕಂಪ್ಯೂಟರಿನ ಮುಂದೆ, ಹನ್ನೆರಡು ಮಂದಿ ಅಧಿಕಾರಿಗಳು ಬೆನ್ನ ಹಿಂದೆ. ಅವರು ತುಟಿ ಬಿಚ್ಚುವಂತಿಲ್ಲ, ನಾನು ಎಲ್ಲಿ ಎಡವುತ್ತೇನೆಂದು ನೋಡಬೇಕಷ್ಟೇ. ನಮ್ಮ ಯಜಮಾನರ ಹೆಸರಿನ ಪಕ್ಕ ಮತ್ತೆ ಅದೇ ಗುಂಡಿ: ‘ಅಳಿಸಿ’. ಕಾರ್ಡು ನನ್ನ ಹೆಸರಿಗಾಗಲು ಅದನ್ನು ಒತ್ತಬೇಕು. ಇವರು ಕಣ್ಣುಮುಚ್ಚಿದ ಮೂರು ತಿಂಗಳಿಂದ ಒತ್ತಲಾಗದ್ದು, ಇಂದೂ ಆಗಲಿಲ್ಲ.

“ಯಾಕಮ್ಮಾ ನಿಲ್ಸಿದ್ರಿ?” ಎಂದರು ತರಬೇತಿಯ ಮೇಷ್ಟ್ರು.

“ನಾನು ಅತ್ತಿದ್ದು ಸಾಲ್ದು ಅಂತ ಇದು ಬೇರೆ ಅಳಿಸಿ ಅಂತಿದೆಯಲ್ಲ ಸಾರ್.”

ಒಬ್ಬ ಅಧಿಕಾರಿ ನಕ್ಕರು. ಮೇಷ್ಟ್ರು ನಗಲಿಲ್ಲ. “ಬರ್ಕೊಳ್ಳಿ. ತಪ್ಪು ಅಮ್ಮಂದಲ್ಲ, ನಿಮ್ಮ ಪುಟದ್ದು” ಎಂದರು. ನಾನೇ ದಡ್ಡಿ ಅಂದುಕೊಂಡಿದ್ದೆನಲ್ಲ ಅಕ್ಕಾ, ಎದೆ ಹಗುರಾಯಿತು.

ಊಟ ಮುಗಿಸಿ ಬಂದರೆ ಗುಂಡಿಯ ಮೇಲೆ ‘ತೀರಿಕೊಂಡಿದ್ದಾರೆ’ ಎಂದಿತ್ತು. ನಿಜವೇ ತಾನೆ? ಒತ್ತಿದೆ. ಕಾರ್ಡು ನನ್ನ ಹೆಸರಿಗಾಯಿತು; ಬಿ.ಪಿ. ಮಾತ್ರೆ ಇನ್ನು ನನಗೇ ಸಿಗುತ್ತದೆ, ಅದನ್ನು ತಂದುಕೊಡಲು ಭಾವನಿಗೆ ಓಡಾಟ ಬೇಡ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಕಾರ್ಡಿನಿಂದ ಇವರ ಹೆಸರು ಹೋಗಿಲ್ಲ ಅಕ್ಕಾ, ನನ್ನ ಹೆಸರಿನ ಕೆಳಗೇ ಇದೆ.

ನಿನ್ನ ತಂಗಿ